ಕೊಂಢವಾ: ಎಲ್ಲೆ, ಹೆಸರು ಮತ್ತು ನಗರದ ಚಲನೆ

ಶಾಸನಗಳ ಸೀಮಾವರ್ಣನೆಯನ್ನು ಓದಿದವರಿಗೆ ಸ್ಥಳನಿರ್ದೇಶನದ ಹಳೆಯ ಕ್ರಮ ಪರಿಚಿತವಾದುದು: ಮೂಡಲಿಗೆ ಹಳ್ಳ, ತೆಂಕಲಿಗೆ ನೆಟ್ಟ ಕಲ್ಲು, ಪಡುವಲಿಗೆ ಗುಡ್ಡ, ಬಡಗಲಿಗೆ ಕೆರೆಯ ಕೋಡಿ. ಎಲ್ಲೆ ಕದಲದೆಂಬ ನಂಬಿಕೆಯೇ ಈ ಕ್ರಮಕ್ಕೆ ಆಧಾರ. ನಗರವಾದರೋ ಕದಲುತ್ತದೆ. ಆ ಚಲನೆಯನ್ನು ಲೆಕ್ಕಕ್ಕೆ ತರುವ ಆಧುನಿಕ ಮಾದರಿಗಳನ್ನು ಪುಣೆಯ ಆಗ್ನೇಯಕ್ಕಿರುವ ಕೊಂಢವಾದ ಇತಿಹಾಸದೊಡನೆ ಇಟ್ಟು ನೋಡುವುದು ಈ ಟಿಪ್ಪಣಿಯ ಉದ್ದೇಶ.

ಕೊಂಢವಾ ಮೂಲತಃ ಎರಡು ಗ್ರಾಮ: ಖುರ್ದ ಮತ್ತು ಬುದ್ರುಕ. ಫಾರಸಿ ಮೂಲದ ಈ ವಿಶೇಷಣಗಳಿಗೆ ಕ್ರಮವಾಗಿ ಚಿಕ್ಕದು, ದೊಡ್ಡದು ಎಂದರ್ಥ. ಬೆಳಗಾವಿಯ ಕಂಗ್ರಾಳಿಯಲ್ಲಿಯೂ ಇದೇ ಜೋಡಿಯಿದೆ. ನಮ್ಮ ಊರ ಹೆಸರುಗಳ 'ಹಿರೇ', 'ಚಿಕ್ಕ'ಗಳು ಮಾಡುವ ಕೆಲಸವೂ ಇದೇ. ಇಂತಹ ಹೆಸರು ತಾನು ಹುಟ್ಟಿದ ಕಾಲದ ಅಳತೆಯನ್ನು ಹೇಳುತ್ತದೆ, ಅನಂತರದ ಬೆಳವಣಿಗೆಯನ್ನಲ್ಲ. 1997ರಲ್ಲಿ ಎರಡೂ ಗ್ರಾಮಗಳು ಪುಣೆ ಮಹಾನಗರಪಾಲಿಕೆಗೆ ಸೇರಿದವು. ನಡುವಣ ಹೊಲಗಳಲ್ಲಿ ಕಟ್ಟಡಗಳೆದ್ದು ಹಿರಿದು ಕಿರಿದೆಂಬ ಭೇದ ಹೆಸರಿನಲ್ಲಿ ಮಾತ್ರ ಉಳಿಯಿತು.

1970ರಲ್ಲಿ ವಾಲ್ಡೊ ಟೋಬ್ಲರ್ ಡೆಟ್ರಾಯಿಟ್ ಪ್ರದೇಶದ ಬೆಳವಣಿಗೆಯನ್ನು ಗಣಕಯಂತ್ರದಲ್ಲಿ ಅನುಕರಿಸಿ ತೋರಿಸಿದನು. ಮುಂದೆ ಬಂದ ಮಾದರಿಗಳು ಭೂಮಿಯನ್ನು ಚೌಕಗಳಾಗಿ ವಿಭಜಿಸಿ, ನೆರೆಯ ಚೌಕದ ಸ್ಥಿತಿ, ರಸ್ತೆಯ ಸಾಮೀಪ್ಯ, ನೆಲದ ಇಳಿಜಾರು ಇವುಗಳಿಂದ ಮುಂದಿನ ಸ್ಥಿತಿಯನ್ನು ಊಹಿಸುತ್ತವೆ. 1972ರಿಂದ ದೊರೆಯತೊಡಗಿದ ಲ್ಯಾಂಡ್‌ಸ್ಯಾಟ್ ಉಪಗ್ರಹಚಿತ್ರಗಳೊಡನೆ ಅಂತಹ ಊಹೆಯನ್ನು ಹೋಲಿಸಿ ನೋಡಬಹುದು. ಆದರೆ ಚೌಕವು ತುಂಬಿತೆಂದು ತಿಳಿದರೂ ಯಾರಿಂದ, ಏಕೆ ತುಂಬಿತೆಂಬುದು ತಿಳಿಯದು.

ಈ ಪ್ರಶ್ನೆಗೆ ಸಮೀಪವಾದುದು 1971ರ ಥಾಮಸ್ ಶೆಲ್ಲಿಂಗ್ ಮಾದರಿ. ನೆರೆಯಲ್ಲಿ ತನ್ನವರು ಕೆಲವರಾದರೂ ಇರಲೆಂಬ ಸೌಮ್ಯ ಅಪೇಕ್ಷೆಯೂ ಒಟ್ಟಿನಲ್ಲಿ ತೀವ್ರ ವಿಂಗಡಣೆಗೆ ಎಡೆಗೊಡುತ್ತದೆಂದು ಅದು ತೋರಿಸುತ್ತದೆ. 1992-93ರ ಮುಂಬಯಿ ಗಲಭೆಗಳ ಅನಂತರದ ವರ್ಷಗಳಲ್ಲಿ ಪುಣೆಯ ಹಳೆಯ ಪೇಟೆಗಳಿಂದ ಅನೇಕ ಮುಸ್ಲಿಂ ಕುಟುಂಬಗಳು ಕೊಂಢವಾಕ್ಕೆ ಬಂದು ನೆಲೆಸಿದವು. ಇದನ್ನು ಕೇವಲ ಅಪೇಕ್ಷೆಯ ಫಲವೆನ್ನಬಹುದೇ? ತನ್ನವರ ನಡುವೆ ಮನೆ ಬಯಸಿದವನೂ ಬೇರೆಡೆ ಮನೆ ನಿರಾಕರಿಸಲ್ಪಟ್ಟವನೂ ನಕ್ಷೆಯಲ್ಲಿ ಒಂದೇ ಬಿಂದುವಾಗಿ ಕಾಣುತ್ತಾರೆ. ಪೇಟೆಯ ಇಕ್ಕಟ್ಟು, ಹೊರವಲಯದ ನೆಲದ ಬೆಲೆ, ಸುರಕ್ಷಿತತೆಯ ಹಂಬಲ ಇವೂ ಅದೇ ಬಿಂದುವಿನಲ್ಲಿ ಅಡಗಿರುತ್ತವೆ.

ಆದುದರಿಂದ ಮಾದರಿಯನ್ನು ತಿರಸ್ಕರಿಸಬೇಕೆಂದಲ್ಲ. ಶಾಸನದ ಎಲ್ಲೆಗಲ್ಲು ದಾನದ ಭೂಮಿಯನ್ನು ತೋರುತ್ತದೆ, ಅಲ್ಲಿ ಉತ್ತವರನ್ನು ತೋರದು. ಹಾಗೆಂದು ನಾವು ಶಾಸನವನ್ನು ಕೈಬಿಟ್ಟಿಲ್ಲ. ಅದು ಹೇಳದುದನ್ನು ಬೇರೆ ಆಕರಗಳಲ್ಲಿ ಅರಸಿದ್ದೇವೆ. ನಗರದ ನಕ್ಷೆಯನ್ನೂ ಹಾಗೆಯೇ ಓದಬೇಕಾಗಿದೆ. ವಲಸೆ ಬಂದವರ ನೆನಪು ಬದುಕಿರುವಾಗಲೇ ಆ ಕೆಲಸ ನಡೆಯಬೇಕು.