ಗಂಗಾವತಿಯ ಅಕ್ಕಿ ಮಿಲ್ಲುಗಳು: ಕಾಲನಿರ್ಣಯದ ಕೆಲವು ತೊಡಕುಗಳು

1. ಗಂಗಾವತಿ ಅಕ್ಕಿ ಮಿಲ್ಲುಗಳ ಊರಾದದ್ದು ತುಂಗಭದ್ರಾ ಅಣೆಕಟ್ಟೆಯ ನಂತರ ಎಂಬ ಮಾತು ರೂಢಿಯಲ್ಲಿದೆ. ಸ್ಥೂಲವಾಗಿ ಇದನ್ನು ಒಪ್ಪಬಹುದು. ಆದರೆ ನೆಲ್ಲಿನ ಬೇಸಾಯ ಅಣೆಕಟ್ಟೆಗಿಂತ ಹಳೆಯದು. ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿ ಹೆಸರಿನ ವಿಜಯನಗರ ಕಾಲುವೆಗಳು ಎಡದಂಡೆಯ ಗದ್ದೆಗಳಿಗೆ ಮೊದಲೇ ನೀರುಣಿಸುತ್ತಿದ್ದವು. ಅಣೆಕಟ್ಟೆಯ ನೀರು ಬಂದ 1953ರ ನಂತರ ಬದಲಾದದ್ದು ವಿಸ್ತೀರ್ಣ. 227 ಕಿ.ಮೀ. ಉದ್ದದ ಎಡದಂಡೆ ನಾಲೆ ನೀರನ್ನು ನದಿಯಂಚು ಬಿಟ್ಟು ಕಾರಟಗಿ, ಸಿಂಧನೂರುಗಳ ಎರೆನೆಲಕ್ಕೆ ಒಯ್ದಿತು. ಶ್ರೀರಾಮನಗರದಂಥ ಆಂಧ್ರ ಮೂಲದ ರೈತರ ನೆಲೆಗಳು, ಅಂದರೆ ಸ್ಥಳೀಯರು 'ಕ್ಯಾಂಪ್' ಎನ್ನುವ ಊರುಗಳು, ಈ ಎರಡನೆಯ ಘಟ್ಟಕ್ಕೆ ಸೇರಿದವು. ಆದ್ದರಿಂದ ನೆಲ್ಲಿನ ಆರಂಭ, ಮಿಲ್ಲುಗಳ ದಟ್ಟಣೆ ಇವೆರಡಕ್ಕೂ ಒಂದೇ ವರ್ಷ ಕೊಡುವುದು ಯುಕ್ತವಲ್ಲ.

2. ಹಳೆಯ ಕಡತಗಳ ಫಸಲಿ (ಕಂದಾಯ) ವರ್ಷಗಳನ್ನು ಕ್ರಿಸ್ತಶಕಕ್ಕೆ ಪರಿವರ್ತಿಸಲು ವಿಶೇಷ ಎಚ್ಚರಿಕೆ ಬೇಕು. ಗಂಗಾವತಿ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿತ್ತು. ನಿಜಾಮರ ಆಡಳಿತದ ಫಸಲಿ ವರ್ಷ ಅಕ್ಟೋಬರ್ 6ಕ್ಕೆ ಮೊದಲಾಗುತ್ತಿತ್ತು. ಬಲದಂಡೆಯನ್ನಾಳುತ್ತಿದ್ದ ಮದ್ರಾಸಿನದು ಜುಲೈ 1ಕ್ಕೆ. ಅಣೆಕಟ್ಟೆಗೆ ಎರಡೂ ದಂಡೆಗಳಲ್ಲಿ ಅಡಿಗಲ್ಲು ಬಿದ್ದ 1945ರ ಫೆಬ್ರವರಿ 28 ಎರಡೂ ಲೆಕ್ಕದಲ್ಲಿ ಫಸಲಿ 1354. ಆದರೆ ಅದೇ ವರ್ಷದ ಆಗಸ್ಟ್ ತಿಂಗಳು ಎಡದಂಡೆಯ ಕಡತದಲ್ಲಿ 1354, ಬಲದಂಡೆಯದರಲ್ಲಿ 1355 ಆಗುತ್ತದೆ. ತಿಂಗಳು ನೋಡದೆ 590 ಕೂಡಿಸಿದರೆ ಹೈದರಾಬಾದಿನ ಲೆಕ್ಕದಲ್ಲಿ ಜನವರಿಯಿಂದ ಅಕ್ಟೋಬರ್ 5ರವರೆಗಿನ ಎಲ್ಲ ದಿನಾಂಕಗಳೂ ಒಂದು ವರ್ಷ ಹಿಂದೆ ಸರಿಯುತ್ತವೆ.

ಮಿಲ್ಲುಗಳ ಪರವಾನಗಿಯಲ್ಲಿರುವ ವರ್ಷವನ್ನೂ ಸ್ಥಾಪನೆಯ ವರ್ಷವೆಂದು ನೇರವಾಗಿ ಓದಬಾರದು. ಅಕ್ಕಿ ಗಿರಣಿ ನಿಯಂತ್ರಣದ 1958ರ ಕೇಂದ್ರ ಕಾಯ್ದೆ ಹೊಸ ಮಿಲ್ಲಿಗೆ ಅನುಮತಿಯನ್ನೂ, ಅದಾಗಲೇ ಇದ್ದ ಮಿಲ್ಲಿಗೆ ಪರವಾನಗಿಯನ್ನೂ ಬೇರೆಬೇರೆಯಾಗಿ ವಿಧಿಸಿತ್ತು. ಹಾಗಾಗಿ ಪರವಾನಗಿಯ ದಿನಾಂಕ, ಮಿಲ್ಲು ಅದಕ್ಕಿಂತ ಈಚಿನದಲ್ಲ ಎಂಬುದಕ್ಕಷ್ಟೇ ಆಧಾರವಾದೀತು.

3. ರೈಲು ಗಂಗಾವತಿ ಮುಟ್ಟಿದ್ದು 2019ರಲ್ಲಿ. ಕೊಪ್ಪಳದ ಮೂಲಕ ಹಾದ ಗದಗ–ಹೊಸಪೇಟೆ ಮಾರ್ಗ 1880ರ ದಶಕದ್ದು. ಗದಗಿನ ಹತ್ತಿ ವ್ಯಾಪಾರ ರೈಲನ್ನು ನೆಚ್ಚಿ ಬೆಳೆಯಿತು. ಗಂಗಾವತಿಯ ಮಿಲ್ಲುಗಳು ರಸ್ತೆಯನ್ನೇ ನೆಚ್ಚಿ ಆರು ದಶಕ ನಡೆದವು. ಮಿಲ್ಲುಗಳೇಕೆ ಕೊಪ್ಪಳದ ನಿಲ್ದಾಣದ ಬಳಿ ಕೂಡಲಿಲ್ಲ? ತೂಕದ ಲೆಕ್ಕ ಒಂದು ಕಾರಣವಿರಬಹುದು. ಸರ್ಕಾರಿ ಖರೀದಿಯ ಮಾನದಂಡದಂತೆ ಒಂದು ಕ್ವಿಂಟಲ್ ನೆಲ್ಲಿಗೆ 67 ಕೆ.ಜಿ. ಬೆಳ್ತಿಗೆ ಅಕ್ಕಿ, ಕುದಿಸಿದ್ದಕ್ಕೆ 68. ಉಳಿದದ್ದರಲ್ಲಿ ಸುಮಾರು 20 ಕೆ.ಜಿ. ಹೊಟ್ಟು, ಮಿಕ್ಕದ್ದರಲ್ಲಿ ತೌಡೇ ಹೆಚ್ಚು. ಹೊಟ್ಟು ಮಿಲ್ಲಿನ ಬಾಯ್ಲರಿಗೇ ಉರುವಲು. ನೆಲ್ಲನ್ನು ಗದ್ದೆಯ ಹತ್ತಿರವೇ ಅಕ್ಕಿ ಮಾಡಿದರೆ ಸಾಗಿಸುವ ತೂಕದಲ್ಲಿ ಮೂರನೆಯ ಒಂದು ಪಾಲು ಇಳಿಯುತ್ತದೆ. ಇದೂ ಒಂದು ಕಾರಣವೆಂಬುದು ಅನುಮಾನವೇ ಹೊರತು ದಾಖಲೆಯಿಂದ ಸಿದ್ಧವಾದ ಮಾತಲ್ಲ. ಮಾರುಕಟ್ಟೆ ಮತ್ತು ಸಾಲದ ವ್ಯವಸ್ಥೆಯ ಪಾಲು ಇದಕ್ಕಿಂತ ಕಡಿಮೆಯೆಂದು ಹೇಳಲು ಬರುವುದಿಲ್ಲ.

4. ಹುಲಿಹೈದರ ಎಂಬ ಊರಿನ ಉದಾಹರಣೆ ಅಂಕಿಅಂಶಗಳ ಬಳಕೆಗೆ ಸಂಬಂಧಿಸಿದ್ದು. ಸುಮಾರು 2018ರಲ್ಲಿ ಕನಕಗಿರಿ ಪ್ರತ್ಯೇಕ ತಾಲೂಕಾಗುವವರೆಗೆ ಈ ಊರು ಗಂಗಾವತಿ ತಾಲೂಕಿನಲ್ಲಿತ್ತು; ಅತ್ತಕಡೆಯದು ಬಹುಮಟ್ಟಿಗೆ ಮಳೆಯಾಶ್ರಿತ ಸೀಮೆ. ಹಳೆಯ 'ಗಂಗಾವತಿ ತಾಲೂಕು' ಸರಾಸರಿಗಳಲ್ಲಿ ನಾಲೆಯ ಗದ್ದೆಯೂ ಈ ಬೆದ್ದಲೂ ಒಟ್ಟಿಗೆ ಸೇರಿವೆ. ಮಿಲ್ಲುಗಳಿಗೆ ನೆಲ್ಲು ಒದಗಿಸಿದ ಪ್ರದೇಶವನ್ನು ಗುರುತಿಸಲು ತಾಲೂಕುವಾರು ಮೊತ್ತಕ್ಕಿಂತ ಹೋಬಳಿ ಅಥವಾ ಉಪನಾಲೆವಾರು ಅಂಕಿಗಳೇ ಹೆಚ್ಚು ನಂಬಲರ್ಹ.