ಮಕ್ಕಳ ವೇದನೆಯನ್ನರಿತ ಬಗೆ

ಬೆಂಗಳೂರಿನ ಪಶ್ಚಿಮಭಾಗದಲ್ಲಿ, ಕೈಲಾಸಾಶ್ರಮದ ದೇವಿಯ ಹೆಸರನ್ನು ಧರಿಸಿ ಬೆಳೆದಿರುವ ಬಡಾವಣೆ ರಾಜರಾಜೇಶ್ವರಿನಗರ. ಮೈಸೂರು ರಸ್ತೆಯ ವಾಹನಸಂಚಾರಕ್ಕೆ ಸಮೀಪವಾದ ಇಂತಹ ನೆಲೆಗಳಲ್ಲಿ ಕೈಕಾಲು ಮುರಿದುಕೊಳ್ಳುವ ಬಾಲಕರು ವಿರಳರಲ್ಲ. ಪುತ್ತೂರು ಕಟ್ಟನ್ನು ಕಟ್ಟಿಸಿಯೋ, ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಯೋ ಹಿರಿಯರು ಉಪಚರಿಸುವರು. ಎಲುಬು ಕೂಡಿದ ಮೇಲೆ ಸಾಮಾನ್ಯವಾಗಿ ನೋವೂ ಅಡಗುವುದು. ಕೆಲವು ಮಕ್ಕಳಲ್ಲಿ ಮಾತ್ರ ಅದು ತಿಂಗಳುಗಟ್ಟಲೆ ನಿಲ್ಲುವುದು. ಎಕ್ಸ್‌ರೇ ಚಿತ್ರದಲ್ಲಿ ದೋಷವಿಲ್ಲ. ಮಗುವಿಗೆ ಮಾತ್ರ ಮೆಟ್ಟಿಲು ಹತ್ತಲಾಗದು. ಶಾಲೆ ತಪ್ಪಿಸುವ ನೆಪವಿದೆಂದು ಮನೆಯವರೇ ಶಂಕಿಸುವುದೂ ಉಂಟು. ಮಗುವಿನ ಮಾತನ್ನು ನಂಬಬೇಕೆ ಎಂಬ ಈ ಪ್ರಶ್ನೆಗೆ ದೀರ್ಘವಾದ ಇತಿಹಾಸವಿದೆ.

ವೇದನೆಯು ಅನುಭವಿಸುವವನಿಗೊಬ್ಬನಿಗೇ ಪ್ರತ್ಯಕ್ಷ. ಇತರರಿಗೆ ಅನುಮಾನ, ಶಬ್ದಗಳೇ ಗತಿ. ಈ ತತ್ತ್ವವನ್ನು ನಮ್ಮ ಪ್ರಾಚೀನ ವೈದ್ಯರು ಕಂಡುಕೊಂಡಿದ್ದರು. ನೇಪಾಳದಲ್ಲಿ ದೊರೆತ ಅಪೂರ್ಣವಾದ ತಾಳೆಯೋಲೆಯ ಪ್ರತಿಯಿಂದ ಪಂಡಿತ ಹೇಮರಾಜಶರ್ಮರ ಪರಿಶ್ರಮದಿಂದ 1938ರಲ್ಲಿ ಮುದ್ರಿತವಾದ ಕಾಶ್ಯಪಸಂಹಿತೆಯಲ್ಲಿ ‘ವೇದನಾಧ್ಯಾಯ’ವೆಂಬ ಭಾಗವಿದೆ. ಮಾತು ಬಾರದ ಶಿಶುಗಳ ನೋವನ್ನು ಅರಿಯುವುದೆಂತೆಂಬುದೇ ಅಲ್ಲಿ ವೃದ್ಧಜೀವಕನ ಪ್ರಶ್ನೆ. ತಲೆನೋವಿದ್ದ ಶಿಶುವು ತಲೆಯನ್ನು ಬಹಳವಾಗಿ ಅಲುಗಿಸಿ ಕಣ್ಮುಚ್ಚುವುದು. ಕಿವಿನೋವಿದ್ದುದು ಕೈಗಳಿಂದ ಕಿವಿಯನ್ನು ಮುಟ್ಟಿಕೊಳ್ಳುವುದು. ಹೊಟ್ಟೆಶೂಲೆಯಿದ್ದುದು ಮೊಲೆಹಾಲನ್ನು ಒಲ್ಲದೆ ಅಳುತ್ತ ಅಂಗಾತ ಮಲಗುವುದು. ಶಿಶುವಿನ ಚೇಷ್ಟೆಯೇ ಇಲ್ಲಿ ಪ್ರಮಾಣವಾಗಿದೆ.

ಪಾಶ್ಚಾತ್ಯ ವೈದ್ಯಶಾಸ್ತ್ರವಾದರೋ ಈ ವಿಷಯದಲ್ಲಿ ಬಹುಕಾಲ ಎಡವಿತು. ಅಮೆರಿಕೆಯ ಅಂತರ್ಯುದ್ಧದಲ್ಲಿ ನರಗಳಿಗೆ ಪೆಟ್ಟು ಬಿದ್ದ ಸೈನಿಕರಲ್ಲಿ, ಗಾಯ ಮಾಯ್ದ ಮೇಲೂ ಉರಿಯಾಗಿ ಉಳಿಯುವ ನೋವನ್ನು ವೀರ್ ಮಿಚೆಲ್ ಮತ್ತು ಅವನ ಜೊತೆಗಾರರು 1864ರಲ್ಲಿಯೇ ವರ್ಣಿಸಿದರು. ಆದರೆ ಎಳೆಯ ಶಿಶುಗಳಿಗೆ ನೋವಿನ ಅರಿವೇ ಮಂದವೆಂಬ ಭ್ರಾಂತಿ ಇಪ್ಪತ್ತನೆಯ ಶತಮಾನದಲ್ಲಿಯೂ ನಿಂತಿತ್ತು. ನವಜಾತರಿಗೆ ಸಾಕಷ್ಟು ನೋವುಶಮನವಿಲ್ಲದೆ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದುದೂ ಉಂಟು. ಭಾರತಸಂಜಾತ ವೈದ್ಯ ಕನ್ವಲ್‌ಜೀತ್ ಆನಂದ್ ಮತ್ತು ಅವರ ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪರೀಕ್ಷೆಗಳು ಈ ಭ್ರಾಂತಿಯನ್ನು ಅಲುಗಿಸಿದವು.

ಗಾಯವಿಲ್ಲದೆ ನೋವು ಹೇಗೆ ಎಂಬುದಕ್ಕೂ ಸಮಾಧಾನ ದೊರಕಿತು. ನೋವು ಗಾಯದಿಂದ ಮಿದುಳಿಗೆ ನೇರವಾಗಿ ಹರಿಯದೆ, ಬೆನ್ನುಹುರಿಯಲ್ಲಿ ಬಾಗಿಲಿನಂತಹ ತಡೆಯನ್ನು ಹಾಯ್ದು ಹೋಗುವುದೆಂದೂ, ಮನಸ್ಸಿನ ಸ್ಥಿತಿಯೂ ಆ ಬಾಗಿಲನ್ನು ತೆರೆಯಿಸಬಲ್ಲದು, ಮುಚ್ಚಿಸಬಲ್ಲದೆಂದೂ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಪ್ರತಿಪಾದಿಸಿದರು. ಆ ವಾದದ ವಿವರಗಳು ಮುಂದೆ ತಿದ್ದುಪಡಿಯಾದವು, ತಿರುಳು ಉಳಿಯಿತು. ಕೆಲವರಲ್ಲಿ ಗಾಯವು ಮಾಯ್ದರೂ ನರವ್ಯೂಹವು ಎಚ್ಚರಿಕೆಯ ಗಂಟೆಯನ್ನು ಬಾರಿಸುತ್ತಲೇ ಇರುವುದು. ಆದುದರಿಂದ ಆ ನೋವು ನಟನೆಯಲ್ಲ. ರೋಗಿಯು ಹೇಳುವ ನೋವನ್ನು ಗೌರವಿಸಬೇಕೆಂದೂ, ಹೇಳಲಾರದವರಿಗೆ ನೋವಿಲ್ಲವೆಂದು ತಿಳಿಯಬಾರದೆಂದೂ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು 2020ರ ತನ್ನ ವ್ಯಾಖ್ಯೆಯಲ್ಲಿ ಸ್ಪಷ್ಟಪಡಿಸಿತು. ಕಾಶ್ಯಪಸಂಹಿತೆಯ ದಾರಿಗೆ ಹೊಸ ಶಾಸ್ತ್ರವೂ ಬಂದು ಸೇರಿತೆನ್ನಬಹುದು.

ಮೂರು ತಿಂಗಳನ್ನು ಮೀರಿ ನಿಲ್ಲುವ ನೋವನ್ನು ವೈದ್ಯರು ದೀರ್ಘಕಾಲಿಕವೆನ್ನುವರು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಮಕ್ಕಳ ಇಂತಹ ನೋವಿಗೆ ಅಂಗವ್ಯಾಯಾಮ, ಮನೋಚಿಕಿತ್ಸೆ, ಔಷಧ ಎಂಬ ಮೂರು ಬಗೆಯ ಉಪಾಯಗಳನ್ನು ಸೂಚಿಸಿ, ಅವುಗಳನ್ನು ಆಯಾ ಮಗುವಿಗೆ ತಕ್ಕಂತೆ ಅಳವಡಿಸಬೇಕೆಂದಿತು. ನೋವು ಪೂರ್ತಿ ಅಡಗಲೆಂದು ಹಾಸಿಗೆಯಲ್ಲಿ ಕಾಯುವುದಕ್ಕಿಂತ, ದಿನದಿನವೂ ಸ್ವಲ್ಪ ಸ್ವಲ್ಪವಾಗಿ ನಡೆಯುವುದೂ ಶಾಲೆಗೆ ಹೋಗುವುದೂ ಮೇಲು.

ಇಲ್ಲಿ ಮನೆಯವರ ಕರ್ತವ್ಯ ಸೂಕ್ಷ್ಮವಾದುದು. ನಂಬದೆ ಗದರಿಸಿದರೆ ಮಗುವು ನೋವಿನೊಡನೆ ಒಂಟಿಯಾಗುವುದು. ಮರುಗಿ ಎಲ್ಲ ಕೆಲಸದಿಂದಲೂ ಬಿಡಿಸಿದರೆ ಅಂಗವೂ ಧೈರ್ಯವೂ ಕುಗ್ಗುವುವು. ಗಳಿಗೆಗೊಮ್ಮೆ ‘ನೋವು ಹೇಗಿದೆ’ ಎಂದು ಕೇಳುವ ಬದಲು, ನೋವಿದೆಯೆಂಬುದನ್ನು ಒಮ್ಮೆ ಮನಸಾರೆ ಒಪ್ಪಿ, ಇಂದು ಬೀದಿಯ ತಿರುವಿನವರೆಗೆ ಕೂಡಿ ನಡೆಯೋಣವೆನ್ನುವುದು ಹಿತ. ಉಪಾಧ್ಯಾಯರೂ ಕೆಳಮಹಡಿಯ ತರಗತಿ, ನಡುನಡುವೆ ಎದ್ದು ನಿಲ್ಲುವ ಅವಕಾಶ ಮೊದಲಾದ ಅನುಕೂಲಗಳನ್ನು ಕಲ್ಪಿಸಬೇಕು. ಮಗುವಿನ ಮಾತನ್ನು ಪ್ರಮಾಣವೆಂದು ಅಂಗೀಕರಿಸಿದ ಮನೆಯಲ್ಲಿಯೇ ಉಳಿದ ಚಿಕಿತ್ಸೆಗಳಿಗೂ ಫಲ ದೊರೆಯುವುದು.