ಮೊಲದ ಬೇಟೆಯ ನಾಯಿ: ದುರ್ಗದ ಸೀಮೆಯ ಚರಿತ್ರೆ

ಚಿತ್ರದುರ್ಗ ಸೀಮೆಯ ಬೇಟೆನಾಯಿ ಕಣ್ಣಿನಿಂದ ಬೇಟೆಯಾಡುವ ನಾಯಿ. ನೆಲ ಮೂಸುತ್ತ ಜಾಡು ಹಿಡಿಯುವುದು ಅದರ ಜಾಯಮಾನವಲ್ಲ. ಪೊದೆಯಿಂದ ಎದ್ದ ಮೊಲ ಕಣ್ಣಿಗೆ ಬಿದ್ದರೆ ಸಾಕು, ಬಯಲಿನಲ್ಲಿ ಅದನ್ನು ಬೆನ್ನಟ್ಟಿ ಹಿಡಿಯುತ್ತದೆ. ನೀಳ ಮೂತಿ, ಆಳವಾದ ಎದೆ, ಒಳಸರಿದ ಹೊಟ್ಟೆ, ಸಪೂರ ಉದ್ದ ಕಾಲು: ಮೈಯೆಲ್ಲ ಓಟಕ್ಕೆಂದೇ ರೂಪುಗೊಂಡಿದೆ. ಈ ಬಗೆಯ ನಾಯಿಗಳಲ್ಲಿ ಹೆಸರಾದದ್ದು ಮುಧೋಳ. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಲ್ಲಿ ಶುದ್ಧ ತಳಿಗಿಂತ ಅದರ ಬೆರಕೆಗಳೇ ಕಾಣಸಿಗುವುದು ಹೆಚ್ಚು.

ಇಲ್ಲಿನ ನೆಲ ಇಂಥ ನಾಯಿಗೆ ಹೇಳಿ ಮಾಡಿಸಿದ್ದು. ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಹಿರಿಯೂರಿನ ಕಡೆ ಇನ್ನೂ ಕಡಿಮೆ. ಜಾಲಿ, ಕಾರೆ, ಬಂದರೆ, ತಂಗಡಿ ಹಬ್ಬಿದ ಕುರುಚಲು ಗುಡ್ಡ, ನಡುನಡುವೆ ಕಲ್ಲುಬಂಡೆ, ಅದರಾಚೆ ದನ ಮೇಯುವ ಕಾವಲು, ಶೇಂಗಾ ಮತ್ತು ರಾಗಿಯ ಹೊಲ. ವೇದಾವತಿಗೆ ಅಡ್ಡಲಾಗಿ ಕಟ್ಟಿದ ಮಾರಿಕಣಿವೆ ಅಣೆಕಟ್ಟೆ 1907ರಲ್ಲಿ ಮುಗಿದ ಮೇಲೆ ನಾಲೆಯ ಕೆಳಗಿನ ನೆಲ ಹಸಿರಾಯಿತು; ಹೊಳಲ್ಕೆರೆಯ ಕಡೆಯೂ ಅಡಿಕೆ, ತೆಂಗಿನ ತೋಟಗಳಿವೆ. ಆದರೂ ನಾಲೆಗೆ ನಿಲುಕದ ಬಯಲೇ ಬಹುಪಾಲು. ದೂರದವರೆಗೆ ಕಣ್ಣು ಹಾಯುವ ಇಂಥ ಜಾಗದಲ್ಲಿ ಮೂಗಿಗಿಂತ ಕಣ್ಣೇ ಮೇಲು.

ಬೇಟೆಯ ಕ್ರಮವನ್ನು ನಿರ್ಧರಿಸಿದ್ದು ಮಾತ್ರ ನಾಯಿಯಲ್ಲ, ಮೊಲ. ಈ ಸೀಮೆಯದು ಹೆಗ್ಗತ್ತಿನ ಮೇಲೆ ಕಪ್ಪು ಮಚ್ಚೆಯಿರುವ ಕಾಡುಮೊಲ. ಅದು ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆಯೋ ಪೊದೆಯ ಬುಡದಲ್ಲೋ ಮೈ ಹಿಡಿಸುವಷ್ಟು ತಗ್ಗು ಮಾಡಿಕೊಂಡು ಹಗಲೆಲ್ಲ ಅಲುಗಾಡದೆ ಕೂರುತ್ತದೆ. ಹೊತ್ತು ಮುಳುಗಿದ ಮೇಲೆ ಮೇಯಲು ಹೊರಡುತ್ತದೆ. ಮರಿಗಳು ಹುಟ್ಟುವಾಗಲೇ ಮೈತುಂಬ ಕೂದಲಿದ್ದು, ಕಣ್ಣು ತೆರೆದಿರುತ್ತವೆ. ಬಯಲಲ್ಲೇ ಬದುಕಬೇಕಾದ ಜೀವಕ್ಕೆ ಬೇರೆ ದಾರಿಯಿಲ್ಲ. ಯುರೋಪಿನ ಬಿಲಮೊಲದ ಸಂಗತಿ ಇದಕ್ಕೆ ತದ್ವಿರುದ್ಧ. ಅದು ನೆಲದಡಿ ಕವಲುಕವಲಾಗಿ ಸುರಂಗ ಕೊರೆದು ಗುಂಪಾಗಿ ಬಾಳುತ್ತದೆ. ಮರಿಗಳು ಕಣ್ಣು ಬಿಡದೆ, ಬೋಳುಮೈಯಲ್ಲಿ ಹುಟ್ಟುತ್ತವೆ. ನಮ್ಮಲ್ಲಿ ಪಂಜರದಲ್ಲಿ ಸಾಕುವ ಬಿಳಿ ಮೊಲಗಳೆಲ್ಲ ಈ ಬಿಲಮೊಲದ ಸಂತತಿ. ಭಾರತದ ಕಾಡಿನಲ್ಲಿ ಅದು ಇಲ್ಲ.

ಆದ್ದರಿಂದಲೇ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಬೆಳೆದ ಮೊಲದ ಬೇಟೆ ದುರ್ಗದ ಸೀಮೆಯಲ್ಲಿ ಬೇರೂರಲು ಸಾಧ್ಯವಿರಲಿಲ್ಲ. ಅಲ್ಲಿ ನಾಯಿಗೆ ಜೊತೆಗಾರನೊಬ್ಬ ಬೇಕು. ಅವನೇ ಫೆರೆಟ್: ಮುಂಗುಸಿಯಷ್ಟು ಉದ್ದದ, ಬಿಲದೊಳಗೆ ಸಲೀಸಾಗಿ ನುಸುಳುವ, ಎರಡು ಸಾವಿರ ವರ್ಷಗಳಿಂದ ಮನುಷ್ಯನ ಸಾಕಣೆಯಲ್ಲಿರುವ ಪ್ರಾಣಿ. ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಸ್ಪೇನಿನ ಜನ ಇಂಥದೊಂದು ಪ್ರಾಣಿಯನ್ನು ಬಿಲಕ್ಕೆ ಬಿಟ್ಟು ಮೊಲ ಹೊರಡಿಸುತ್ತಿದ್ದುದನ್ನು ಬರೆದಿದ್ದಾನೆ. ನಾರ್ಮನ್ನರು ಇಂಗ್ಲೆಂಡಿಗೆ ಬಿಲಮೊಲ ತಂದ ಮೇಲೆ ಫೆರೆಟ್ ಕೂಡ ಅಲ್ಲಿನ ರೈತನ ಕೈಸೇರಿತು. ಬಿಲದ ಬಾಯಿಗಳಿಗೆಲ್ಲ ಚೀಲದಂಥ ಬಲೆ ಹರಡಿ, ಒಂದು ಬಾಯಿಯಲ್ಲಿ ಫೆರೆಟ್ ಬಿಡುತ್ತಾರೆ. ಹೆದರಿ ಹೊರನುಗ್ಗಿದ ಮೊಲ ಬಲೆಗೆ ಬೀಳುತ್ತದೆ. ಬಲೆ ತಪ್ಪಿಸಿಕೊಂಡದ್ದನ್ನು ಹಿಡಿಯುವುದು ಲರ್ಚರ್.

ಲರ್ಚರ್ ಒಂದು ತಳಿಯ ಹೆಸರಲ್ಲ. ಗ್ರೇಹೌಂಡ್ ಅಥವಾ ವಿಪೆಟ್‌ನ ಓಟಕ್ಕೆ ಕುರಿ ಕಾಯುವ ಕಾಲಿಯ ಬುದ್ಧಿಯನ್ನೋ ಟೆರಿಯರ್‌ನ ಹಟವನ್ನೋ ಬೆರೆಸಿ ಹುಟ್ಟಿಸಿದ ಬೆರಕೆ. ಅದಕ್ಕೆ ಕಲಿಸಬೇಕಾದದ್ದು ಓಟವನ್ನಲ್ಲ, ತಾಳ್ಮೆಯನ್ನು. ಮರಿಯಿದ್ದಾಗಲೇ ಫೆರೆಟ್‌ನ ಗೂಡಿನ ಹತ್ತಿರ ಬೆಳೆಸಿ, ಅದನ್ನು ಮನೆಯ ಪ್ರಾಣಿಯೆಂದು ಒಪ್ಪಿಕೊಳ್ಳುವಂತೆ ಮಾಡುತ್ತಾರೆ. ಮೊಲ ಇರುವ ಬಿಲ ಯಾವುದು, ಬರಿದಾದ ಬಿಲ ಯಾವುದು ಎಂಬುದನ್ನು ನಾಯಿ ಮೂಸಿ ಸನ್ನೆಯಲ್ಲೇ ತಿಳಿಸಬೇಕು. ಬೊಗಳಬಾರದು, ಕೆರೆಯಬಾರದು, ಬಲೆ ತುಳಿಯಬಾರದು. ಹಿಡಿದ ಮೊಲವನ್ನು ಹಲ್ಲೂರದೆ ತಂದು ಯಜಮಾನನ ಕೈಗಿಡಬೇಕು. 1880ರ ಕಾಯ್ದೆಯೊಂದು ಗೇಣಿದಾರರಿಗೂ ತಾವು ಉಳುವ ನೆಲದ ಮೊಲ ಹಿಡಿಯುವ ಹಕ್ಕು ಕೊಟ್ಟಿತು. ಅಲ್ಲಿಯವರೆಗೆ ಜಮೀನ್ದಾರನ ಮೊಲ ಕದಿಯುವ ಬಡವನ ನಾಯಿ ಎಂದೇ ಲರ್ಚರ್ ಹೆಸರಾಗಿತ್ತು. 1953ರಲ್ಲಿ ಕಾಣಿಸಿಕೊಂಡ ಮಿಕ್ಸೊಮಟೋಸಿಸ್ ರೋಗ ಬ್ರಿಟನ್ನಿನ ಬಿಲಮೊಲಗಳನ್ನು ಬಹುಮಟ್ಟಿಗೆ ನಿರ್ನಾಮ ಮಾಡಿದಾಗ ಈ ಕಸುಬೂ ಕುಸಿಯಿತು, ಮೊಲ ಚೇತರಿಸಿಕೊಂಡಂತೆ ಮರಳಿ ಬಂತು.

ದುರ್ಗದ ಸೀಮೆಯಲ್ಲಿ ಫೆರೆಟ್‌ನ ಕೆಲಸ ಮಾಡಿದವರು ಮನುಷ್ಯರು. ಬೇಟೆ ಕಾನೂನುಬಾಹಿರ ಆಗುವ ಮುನ್ನ ಇಡೀ ಊರೇ ಗುಡ್ಡಕ್ಕೆ ಹೊರಡುವ ರೂಢಿಯಿತ್ತು. ಒಂದು ಅಂಚಿನಲ್ಲಿ ಗೂಟ ನೆಟ್ಟು ಉದ್ದನೆಯ ಬಲೆ ಕಟ್ಟುವುದು, ಎದುರು ದಿಕ್ಕಿನಿಂದ ಸಾಲಾಗಿ ನಿಂತು ಕೂಗುತ್ತ, ಪೊದೆ ಬಡಿಯುತ್ತ ಸೋವುವುದು. ಎದ್ದ ಮೊಲ ಬಲೆಯ ಕಡೆ ಓಡಿದರೆ ಬಲೆಗೆ, ಪಕ್ಕಕ್ಕೆ ಹೊರಳಿದರೆ ನಾಯಿಗೆ. ನಾಯಿಗಳನ್ನು ಜೋಡಿಯಾಗಿ ಬಿಡುವುದರಲ್ಲಿ ಅನುಭವದ ಜಾಣತನವಿದೆ. ಮೊಲ ನೇರ ಓಡುವುದು ಕಡಿಮೆ. ನಾಯಿಯ ಬಾಯಿ ತಾಗಿತು ಎನ್ನುವಾಗ ಥಟ್ಟನೆ ಹೊರಳಿ ಇನ್ನೊಂದು ದಿಕ್ಕಿಗೆ ಚಿಮ್ಮುತ್ತದೆ. ವೇಗದಲ್ಲಿದ್ದ ನಾಯಿ ಹತ್ತಾರು ಅಡಿ ಮುಂದೆ ಹೋಗಿ ತಿರುಗುವಷ್ಟರಲ್ಲಿ, ಹಿಂದೆ ಬರುವ ಎರಡನೆಯದು ಅಡ್ಡಹಾಯುತ್ತದೆ. ಬೆನ್ನು ಹತ್ತಿದಾಗ ಮೊಲ ಗುಳ್ಳೆನರಿಯ ಹಳೆಯ ಬಿಲಕ್ಕೆ ನುಗ್ಗುವುದೂ ಉಂಟು. ಆಗ ನಾಯಿಯ ಓಟ ಅಲ್ಲಿಗೆ ಮುಗಿಯಿತು, ಮುಂದಿನದು ಅಗೆಯುವವರ ಪಾಲು.

ನಾಯಿ ಪಳಗಿಸುವ ವಿದ್ಯೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದದ್ದು. ಮೊದಲ ಪಾಠ ಕುರಿ, ಮೇಕೆ, ಕೋಳಿಯನ್ನು ಮುಟ್ಟದಿರುವುದು. ಕುರಿಹಟ್ಟಿಗಳೇ ತುಂಬಿರುವ ಹಿರಿಯೂರಿನಂಥ ಕಡೆ ಕುರಿಗೆ ಬಾಯಿ ಹಾಕುವ ನಾಯಿ ಎಷ್ಟೇ ಚುರುಕಾಗಿದ್ದರೂ ಅದನ್ನು ಯಾರೂ ಇಟ್ಟುಕೊಳ್ಳಲಾರರು. ಈ ಒಂದು ವಿಷಯದಲ್ಲಿ ಇಂಗ್ಲೆಂಡಿನ ಲರ್ಚರ್ ಸಾಕುವವನೂ ನಮ್ಮ ಹಟ್ಟಿಯ ಗೌಡನೂ ಒಂದೇ ಮಾತಾಡುತ್ತಾರೆ. ವರ್ಷ ತುಂಬುವ ಮೊದಲು ಮರಿಯನ್ನು ಜೋರಾಗಿ ಓಡಿಸಬಾರದು, ಎಲುಬು ಬಲಿಯಬೇಕು. ಹಳೆಯ ನಾಯಿಯ ಜೊತೆ ಹೊರಡಿಸಿದರೆ ಮರಿ ಅದನ್ನು ನೋಡಿ ಕಲಿಯುತ್ತದೆ. ಓಡಿಸುವುದು ಬೆಳಗಿನ ತಂಪಿನಲ್ಲಿ; ಬಿಸಿಲೇರಿದ ಮೇಲೆ ಓಡಿದ ನಾಯಿ ಕಾವು ತಡೆಯಲಾರದೆ ಬಿದ್ದು ಸಾಯುವ ಅಪಾಯವಿದೆ. ಕಲ್ಲುನೆಲದಲ್ಲಿ ಓಡಿ ಬಂದ ನಾಯಿಯ ಅಂಗಾಲನ್ನು ಒಂದೊಂದಾಗಿ ಎತ್ತಿ, ಬೆರಳ ಸಂದಿಯ ಜಾಲಿಮುಳ್ಳನ್ನು ಉಗುರಿನಿಂದ ಕಿತ್ತು, ಬಿರಿದ ಜಾಗಕ್ಕೆ ಹರಳೆಣ್ಣೆ ಹಚ್ಚುವವನೇ ನಿಜವಾದ ಸಾಕುಗಾರ. ಊಟ ಮನೆಯವರು ಉಣ್ಣುವುದೇ: ರಾಗಿಮುದ್ದೆ, ರೊಟ್ಟಿ, ಮಜ್ಜಿಗೆ.

ಬೇಟೆನಾಯಿಯ ಮೇಲಿನ ಪ್ರೀತಿಗೆ ಕನ್ನಡದಲ್ಲಿ ದೊರೆಯುವ ದೊಡ್ಡ ದಾಖಲೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಶಕ 872, ಎಂದರೆ ಕ್ರಿ.ಶ. 949–50ರ ಕಲ್ಲು. ರಾಷ್ಟ್ರಕೂಟ 3ನೇ ಕೃಷ್ಣನ ಪರವಾಗಿ ಗಂಗರ ಬೂತುಗ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಯುದ್ಧದಲ್ಲಿ ಮಣಲೆರ ಎಂಬ ವೀರ ಪರಾಕ್ರಮ ತೋರಿದ. ಮೆಚ್ಚಿದ ದೊರೆ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಊರನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಪೂಜಿಸದೆ ಉಂಡ ಗೊರವನಿಗೆ, ಎಂದರೆ ಶೈವ ಪೂಜಾರಿಗೆ, ನಾಯಿಯ ಪಾಪ ತಟ್ಟುತ್ತದೆಂದೂ ಕಲ್ಲಿನಲ್ಲಿ ಬರೆಸಿದ. ಹಂದಿಯೂ ನಾಯಿಯೂ ಸೆಣಸುವ ಚಿತ್ರವಿರುವ ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಮನುಷ್ಯ ವೀರರ ಸಾಲಿನಲ್ಲಿ ನಾಯಿಗೂ ವೀರಗಲ್ಲು ಸಿಕ್ಕಿದ್ದು ಈ ನಾಡಿನ ಹೆಮ್ಮೆಯೇ ಸರಿ.

12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ 3ನೇ ಸೋಮೇಶ್ವರ ತನ್ನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ನಾಯಿಗಳ ವಿನೋದಕ್ಕೇ ಒಂದು ಭಾಗ ಮೀಸಲಿಟ್ಟ. ಮುಂದೆ ಮೊಲ ಮತ್ತು ಬೇಟೆನಾಯಿ ಒಂದು ಸಾಮ್ರಾಜ್ಯದ ಹುಟ್ಟಿನ ಕತೆಯೊಳಗೇ ಬಂದವು. ತುಂಗಭದ್ರೆಯ ದಂಡೆಯಲ್ಲಿ ಮೊಲವೊಂದು ಓಡಿಹೋಗದೆ ತಿರುಗಿ ನಿಂತು ದೊರೆಯ ನಾಯಿಗಳನ್ನೇ ಕಚ್ಚಿದ್ದರಿಂದ ಅಲ್ಲಿ ವಿಜಯನಗರ ಕಟ್ಟಿದರೆಂಬ ಐತಿಹ್ಯವನ್ನು 16ನೇ ಶತಮಾನದ ಪೋರ್ಚುಗೀಸ್ ವ್ಯಾಪಾರಿ ನುನಿಜ್ ಬರೆದಿಟ್ಟಿದ್ದಾನೆ. ಗಂಡುಮೆಟ್ಟಿದ ನೆಲ ಎಂಬ ಮಾತಿಗೆ ಜನ ಕೊಡುವ ಸಾಕ್ಷಿ ಇಂಥ ಮೊಲವೇ.

ವಿಜಯನಗರದ ಅಡಿಯಲ್ಲಿ ತಲೆಯೆತ್ತಿದ ಚಿತ್ರದುರ್ಗದ ನಾಯಕರು ಬೇಡ ಕುಲದವರು. 1779ರಲ್ಲಿ ಮದಕರಿ ನಾಯಕ ಹೈದರಾಲಿಗೆ ಸೆರೆಯಾಗಿ ಪಾಳೆಯಪಟ್ಟು ಮುಗಿದರೂ ಬೇಡರ ಬೇಟೆಯ ಬದುಕು ಗುಡ್ಡದ ಅಂಚಿನ ಹಟ್ಟಿಗಳಲ್ಲಿ ಉಳಿಯಿತು. ಅವರಲ್ಲೇ ಮ್ಯಾಸನಾಯಕರು ದೇವರ ಎತ್ತುಗಳನ್ನು ಸಾಕುತ್ತ ಪಶುಪಾಲನೆಯನ್ನೂ ಬಿಡದೆ ನಡೆಸಿಕೊಂಡು ಬಂದವರು. ಮಧ್ಯ ಕರ್ನಾಟಕದ ದೈವಗಳಿಗೂ ನಾಯಿ ದೂರವಲ್ಲ: ಮೈಲಾರಲಿಂಗನ ಗೊರವರು ಕಂಬಳಿ ತೊಟ್ಟು, ದೇವರ ನಾಯಿಗಳಾಗಿ ಬೊಗಳುತ್ತ ದೋಣಿಯಲ್ಲಿಟ್ಟ ಹಾಲು-ಹಣ್ಣಿಗೆ ಬಾಯಿ ಹಾಕುತ್ತಾರೆ. ಹೊಸದುರ್ಗದ ಕಡೆ ಸಂಕ್ರಾಂತಿಯ ಹೊತ್ತಿಗೆ ಮೊಲವನ್ನು ಹಿಡಿದು ತಂದು, ಪೂಜಿಸಿ, ಜೀವಂತವಾಗಿ ಬಿಟ್ಟುಬಿಡುವ ಪದ್ಧತಿಯೂ ಇದೆ. ಇದೇ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದ ಅಶೋಕನ ಶಾಸನ ಪ್ರಾಣಿಗಳ ಮೇಲಿನ ದಯೆ ದೃಢವಾಗಿರಲಿ ಎನ್ನುತ್ತದೆ. ಬೇಟೆ ಮತ್ತು ದಯೆ ಎರಡೂ ಈ ಮಣ್ಣಿನಲ್ಲಿ ಅಕ್ಕಪಕ್ಕದಲ್ಲೇ ಬಾಳಿವೆ.

ಬೇಡರ ನಾಯಿಗೆ ಅರಮನೆಯ ಮಾನ ಬಂದದ್ದು ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳ ಸಂಸ್ಥಾನದಲ್ಲಿ. 20ನೇ ಶತಮಾನದ ಆರಂಭದಲ್ಲಿ ದೊರೆ ಮಾಲೋಜಿರಾವ್ ಘೋರ್ಪಡೆ ಸ್ಥಳೀಯ ಬೇಟೆಗಾರರ ನಾಯಿಗಳನ್ನು ಆರಿಸಿ ತಳಿಯನ್ನು ಬೆಳೆಸಿದರು. ಇಂಗ್ಲೆಂಡಿನ 5ನೇ ಜಾರ್ಜ್‌ಗೆ ಒಂದು ಜೋಡಿಯನ್ನು ಉಡುಗೊರೆ ಕೊಟ್ಟರು. ಗಂಡು ನಾಯಿ ಭುಜದ ಬಳಿ 68ರಿಂದ 72 ಸೆಂಟಿಮೀಟರ್ ಎತ್ತರ, ಹೆಣ್ಣು ಅದಕ್ಕಿಂತ ನಾಲ್ಕು ಸೆಂಟಿಮೀಟರ್ ಕಡಿಮೆ. 2005ರ ಜನವರಿಯಲ್ಲಿ ಅಂಚೆ ಇಲಾಖೆ ಈ ನಾಯಿಯ ಚೀಟಿ ಹೊರತಂದಿತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ತಳಿ ಕಾಯುತ್ತಿದೆ. ಅಲ್ಲಿಂದ 2016ರಲ್ಲಿ ಮರಿಗಳು ಸೇನೆಯ ತರಬೇತಿಗಾಗಿ ಮೀರತ್‌ಗೆ ಹೋದವು.

ಮೊಲ ಮತ್ತು ನಾಯಿಯನ್ನು ಬೇರ್ಪಡಿಸಿದ್ದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂಬುದರ ವ್ಯಾಖ್ಯೆಯಲ್ಲೇ ಕೊಲ್ಲುವುದು, ಉರುಳೊಡ್ಡುವುದು, ಸೋವುವುದರ ಜೊತೆಗೆ ನಾಯಿ ಬಿಟ್ಟು ಬೆನ್ನಟ್ಟಿಸುವುದನ್ನೂ ಸೇರಿಸಿದೆ. ಅದಕ್ಕೆ ಪ್ರಯತ್ನಿಸಿದರೂ ಅಪರಾಧವೇ. ಮೂಲ ಕಾಯ್ದೆಯಲ್ಲಿ ಮೊಲ 4ನೇ ಅನುಸೂಚಿಯ ಸಣ್ಣ ಬೇಟೆಯಾಗಿದ್ದು, ಪರವಾನಗಿ ಪಡೆದು ಬೇಟೆಯಾಡಲು ಅವಕಾಶವಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಇಂಗ್ಲೆಂಡಿನಲ್ಲೂ 2004ರ ಕಾಯ್ದೆ ಬಯಲಿನ ಮೊಲದ ಮೇಲೆ ನಾಯಿ ಬಿಡುವುದನ್ನು ನಿಷೇಧಿಸಿತಾದರೂ ಬಿಲಮೊಲಕ್ಕೆ ವಿನಾಯಿತಿ ಕೊಟ್ಟಿದ್ದರಿಂದ ಲರ್ಚರ್ ಮತ್ತು ಫೆರೆಟ್‌ಗಳ ಜೋಡಿ ಇನ್ನೂ ಕೆಲಸದಲ್ಲಿದೆ. ದುರ್ಗದ ನಾಯಿಗೆ ಅಂಥ ವಿನಾಯಿತಿ ಇಲ್ಲ, ಇರಬೇಕಾಗಿಯೂ ಇಲ್ಲ. ಬಿಲಮೊಲದಂತೆ ಇಲ್ಲಿನ ಮೊಲ ಹೊರಗಿನಿಂದ ಬಂದು ಹೊಲಗಳನ್ನು ಆಕ್ರಮಿಸಿದ ಜೀವವಲ್ಲ. ಗುಳ್ಳೆನರಿ, ತೋಳ, ಹದ್ದುಗಳ ಆಹಾರವಾಗಿ ಈ ಕುರುಚಲು ಬಯಲನ್ನೇ ಹಿಡಿದಿಟ್ಟಿರುವ ಜೀವ.

ಆದರೂ ಯುಗಾದಿಯ ಆಸುಪಾಸು ಬಲೆ ಹಿಡಿದು ಗುಡ್ಡ ಹತ್ತುವ ಚಟ ಪೂರ್ತಿ ಅಳಿದಿಲ್ಲ, ಅರಣ್ಯ ಸಿಬ್ಬಂದಿಗೆ ಅದು ಕಾವಲು ಬಿಗಿಯಾಗಬೇಕಾದ ಹೊತ್ತು. ಚಿತ್ರದುರ್ಗ ನಗರಕ್ಕೆ ಅಂಟಿಕೊಂಡ ಜೋಗಿಮಟ್ಟಿ ಈಗ ವನ್ಯಜೀವಿಧಾಮ. ಹಿರಿಯೂರಿನಿಂದಾಚೆ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು 2019ರಿಂದ ಚಿಂಕಾರ ಹುಲ್ಲೆಗಳ ಧಾಮ. ಬೇಟೆನಾಯಿಯ ವಂಶದವು ಇಂದು ತೋಟದ ಮನೆ ಮತ್ತು ಕುರಿಹಟ್ಟಿಗಳ ಕಾವಲಿಗಿವೆ. ಅವುಗಳ ಓಟದ ಹಸಿವು ಮಾತ್ರ ತಗ್ಗಿಲ್ಲ. ಕಟ್ಟಿಹಾಕಿದ ನಾಯಿಗೆ ದಿನಕ್ಕೊಮ್ಮೆಯಾದರೂ ಬೇಲಿಯೊಳಗಿನ ಬಯಲಲ್ಲಿ ಓಡಲು ಬಿಡಬೇಕು. ಹಗ್ಗದ ತುದಿಗೆ ಚಿಂದಿ ಕಟ್ಟಿ ಎಳೆದು ಬೆನ್ನಟ್ಟಿಸುವ ಆಟ ಅದಕ್ಕೆ ಸಾಲುತ್ತದೆ. ರಾತ್ರಿ ಬಿಚ್ಚಿಬಿಟ್ಟ ನಾಯಿ ಮೊಲವನ್ನಷ್ಟೇ ಅಲ್ಲ, ಚಿಂಕಾರದ ಮರಿಯನ್ನೂ ಗುಳ್ಳೆನರಿಯನ್ನೂ ಹಿಡಿಯುತ್ತದೆ. ಆದ್ದರಿಂದ ಕಾಡಂಚಿನ ಹಟ್ಟಿಗಳಲ್ಲಿ ಕತ್ತಲಾದ ಮೇಲೆ ನಾಯಿಯನ್ನು ಕಟ್ಟುವುದು, ಹುಚ್ಚುನಾಯಿ ರೋಗದ ಲಸಿಕೆಯನ್ನು ವರ್ಷವರ್ಷವೂ ತಪ್ಪದೆ ಹಾಕಿಸುವುದು ಸಾಕುವವರ ಮೇಲಿರುವ ಹೊಣೆ.